ಚುಕ್ಕಿ, ಗೆರೆ, ಮೆಟ್ರೊ: ಇಡೀ ಊರನ್ನು ಅಂಗೈಯಗಲಕ್ಕೆ ಇಳಿಸುವುದು ಹೇಗೆ?

ಶಿವಮೊಗ್ಗದಿಂದ ಬಂದಿದ್ದ ನಮ್ಮ ಚಿಕ್ಕಮ್ಮ ಇಂದಿರಾನಗರದ ಮೆಟ್ರೊ ಸ್ಟೇಷನ್ನಿನಲ್ಲಿ ನಕ್ಷೆಯ ಮುಂದೆ ನಿಂತು ಐದು ನಿಮಿಷ ನೋಡಿದರು. ಆಮೇಲೆ ಕೇಳಿದರು: “ಇದೇನೋ ಇದು, ಮನೆ ವೈರಿಂಗ್ ಮಾಡುವವನು ಗೋಡೆ ಮೇಲೆ ಗೀಚಿದ ಹಾಗಿದೆ. ಊರೆಲ್ಲಿದೆ ಇದರಲ್ಲಿ?”

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಮೆಟ್ರೊ ನಕ್ಷೆ ಬಹಳ ದಿನ ಒಂದು ಕೂಡಿಸುವ ಚಿಹ್ನೆಯ ಹಾಗಿತ್ತು. ನೇರಳೆ ಅಡ್ಡ, ಹಸಿರು ಉದ್ದ, ನಡುವೆ ಮೆಜೆಸ್ಟಿಕ್. ಅದನ್ನು ಓದುವುದನ್ನು ಯಾರೂ ಕಲಿಯಬೇಕಿರಲಿಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಮೂರನೇ ಬಣ್ಣ ಬಂದ ಮೇಲೆ ‘ಎಲ್ಲಿ ಇಳಿದು ಯಾವುದಕ್ಕೆ ಹತ್ತಬೇಕು’ ಅನ್ನುವುದು ದಿನನಿತ್ಯದ ಪ್ರಶ್ನೆಯಾಯಿತು. ಮುಂದೆ ಗುಲಾಬಿ, ನೀಲಿ ಮಾರ್ಗಗಳೂ ಸೇರಿದರೆ ನಕ್ಷೆ ಇನ್ನೂ ತುಂಬಿಕೊಳ್ಳುತ್ತದೆ.

ಈ ಬಣ್ಣಬಣ್ಣದ ಗೆರೆಗಳ ಹಿಂದೆ ಸುಮಾರು ಮುನ್ನೂರು ವರ್ಷದ ಯೋಚನೆ ಇದೆ. ಅದರಲ್ಲಿ ಗಣಿತದವರಿದ್ದಾರೆ, ಕೆಲಸ ಕಳೆದುಕೊಂಡ ಒಬ್ಬ ಡ್ರಾಫ್ಟ್ಸ್‌ಮನ್ ಇದ್ದಾರೆ, ಕಲಾವಿದರಿದ್ದಾರೆ. ರಂಗೋಲಿ ಹಾಕುವ ಹೆಂಗಸರೂ ಇದ್ದಾರೆ. ಒಂದೊಂದಾಗಿ ನೋಡೋಣ.

ಮಿಕ್ಸಿ ಬೇರೆ, ಮದುವೆ ಮನೆ ಬೇರೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ‘ವ್ಯವಸ್ಥೆ’ ಅಂದರೆ ಹಲವು ಭಾಗಗಳು ಒಂದಕ್ಕೊಂದು ತಗುಲಿಕೊಂಡು ಒಟ್ಟಾಗಿ ಒಂದು ಕೆಲಸ ಮಾಡುವುದು. ಮಿಕ್ಸಿಯೂ ಒಂದು ವ್ಯವಸ್ಥೆಯೇ. ಬಿಚ್ಚಿದರೆ ಮೋಟರ್, ಕಾರ್ಬನ್ ಬ್ರಷ್, ಬ್ಲೇಡ್, ಜಾರ್ ಸಿಗುತ್ತವೆ. ಭಾಗಗಳು ಎಷ್ಟೇ ಇದ್ದರೂ ಯಾವುದು ಏನು ಮಾಡುತ್ತದೆ ಅಂತ ಬಿಡಿಬಿಡಿಯಾಗಿ ಹೇಳಬಹುದು.

ಮದುವೆ ಮನೆ ಹಾಗಲ್ಲ. ಅನ್ನ ಬೇಯುವುದು ಹತ್ತು ನಿಮಿಷ ತಡವಾದರೆ ಮೊದಲ ಪಂಕ್ತಿ ತಡ. ಅದರಿಂದ ಎರಡನೇ ಪಂಕ್ತಿಯವರು ಕೈಕಟ್ಟಿ ನಿಲ್ಲುತ್ತಾರೆ. ಅವರಲ್ಲಿ ಊರಿನ ಬಸ್ಸು ಹಿಡಿಯಬೇಕಾದವರು ಉಣ್ಣದೇ ಹೊರಡುತ್ತಾರೆ. ಅದಕ್ಕೆ ಹೆಣ್ಣಿನ ಕಡೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಅಡುಗೆ ಭಟ್ಟರನ್ನು ಮಾತ್ರ ನೋಡುತ್ತಾ ನಿಂತರೆ ಈ ಬೇಜಾರಿನ ಕಾರಣ ಗೊತ್ತಾಗುವುದಿಲ್ಲ. ಕಾರಣ ಇರುವುದು ಭಾಗಗಳಲ್ಲಲ್ಲ, ಅವುಗಳ ನಡುವಿನ ಸಂಬಂಧದಲ್ಲಿ. ಇಂಥದ್ದಕ್ಕೆ ‘ಸಂಕೀರ್ಣ ವ್ಯವಸ್ಥೆ’ ಅಂತ ಹೆಸರು. ಮೆಟ್ರೊ, ವಿದ್ಯುತ್ ಜಾಲ, ಇಂಟರ್ನೆಟ್, ಬ್ಯಾಂಕುಗಳ ವ್ಯವಹಾರ ಎಲ್ಲವೂ ಈ ಜಾತಿಯವು.

ಇಷ್ಟು ದೊಡ್ಡದನ್ನು ಒಂದೇ ನೋಟಕ್ಕೆ ಹಿಡಿಯಲು ಆಗುವುದಿಲ್ಲ. ಅದಕ್ಕೇ ಕಾಗದಕ್ಕೆ ಇಳಿಸುತ್ತೇವೆ. ಇಳಿಸುವ ದಾರಿ ಮುಖ್ಯವಾಗಿ ಮೂರು: ಚಿತ್ರ, ಪಟ್ಟಿ, ನಿಯಮ. ಯಾವ ದಾರಿ ಹಿಡಿದರೂ ಏನಾದರೂ ಬಿಡಲೇಬೇಕು. ಏನನ್ನು ಬಿಡುತ್ತೇವೆ ಅನ್ನುವುದರಲ್ಲೇ ಇದರ ಜಾಣತನವೂ ಇದೆ, ಎಡವಟ್ಟೂ ಇದೆ.

ಏಳು ಸೇತುವೆ, ಒಂದು ಲಕೋಟೆ

ಚಿಕ್ಕವರಿದ್ದಾಗ ಈ ಆಟ ಆಡಿರುತ್ತೀರಿ. ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಓರೆ ಗೆರೆ. ನೋಡಲು ಅಂಟಿಸಿದ ಲಕೋಟೆಯ ಹಾಗೆ. ಪೆನ್ಸಿಲ್ ಎತ್ತದೆ, ಹೋದ ಗೆರೆಯ ಮೇಲೆ ಮತ್ತೆ ಹೋಗದೆ ಇದನ್ನು ಬಿಡಿಸಬೇಕು. ಎಷ್ಟು ತಿಣುಕಿದರೂ ಆಗುವುದಿಲ್ಲ. ಅದೇ ಚೌಕದ ತಲೆಯ ಮೇಲೆ ಒಂದು ತ್ರಿಕೋನ ಸೇರಿಸಿ, ಲಕೋಟೆಯ ಬಾಯಿ ತೆರೆದ ಹಾಗೆ. ಈಗ ಕೆಳಗಿನ ಒಂದು ಮೂಲೆಯಿಂದ ಶುರು ಮಾಡಿದರೆ ಆಗುತ್ತದೆ! ಗೆರೆ ಹೆಚ್ಚಾಯಿತು, ಕೆಲಸ ಸುಲಭವಾಯಿತು. ಯಾಕೆ?

ಇದರ ಉತ್ತರ ಸಿಕ್ಕಿದ್ದು ಸೇತುವೆಗಳಿಂದ. ಈಗ ರಷ್ಯಾಕ್ಕೆ ಸೇರಿ ಕಲಿನಿನ್‌ಗ್ರಾಡ್ ಅನ್ನಿಸಿಕೊಂಡಿರುವ ಊರಿಗೆ ಆಗ ಕೋನಿಗ್ಸ್‌ಬರ್ಗ್ ಅಂತ ಹೆಸರು. ನದಿ ಊರನ್ನು ನಾಲ್ಕು ತುಂಡು ಮಾಡಿತ್ತು, ಅವುಗಳ ನಡುವೆ ಏಳು ಸೇತುವೆಗಳಿದ್ದವು. ಎಲ್ಲ ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಊರು ಸುತ್ತಬಹುದಾ ಅನ್ನುವುದು ಅಲ್ಲಿನವರ ಒಗಟು. 1735ರಲ್ಲಿ ಲಿಯೊನಾರ್ಡ್ ಆಯ್ಲರ್ ಅನ್ನುವ ಗಣಿತಜ್ಞ ಆಗುವುದಿಲ್ಲ ಅಂತ ಸಾಧಿಸಿ ತೋರಿಸಿದರು. ಅದಕ್ಕಾಗಿ ಅವರು ಊರನ್ನೆಲ್ಲ ಮರೆತರು. ನದಿಯ ಅಗಲ, ಸೇತುವೆಯ ಉದ್ದ, ಬೀದಿಯ ತಿರುವು ಯಾವುದೂ ಬೇಡ. ಯಾವ ತುಂಡಿಗೆ ಎಷ್ಟು ಸೇತುವೆ ಅನ್ನುವುದಷ್ಟೇ ಸಾಕು.

ಲೆಕ್ಕ ಹೀಗೆ. ನೀವು ಒಂದು ಜಾಗಕ್ಕೆ ಒಂದು ದಾರಿಯಲ್ಲಿ ಬಂದರೆ ಇನ್ನೊಂದು ದಾರಿಯಲ್ಲಿ ಹೊರಗೆ ಹೋಗಬೇಕು. ಅಂದರೆ ದಾರಿಗಳು ಜೋಡಿಜೋಡಿಯಾಗಿ ಖರ್ಚಾಗುತ್ತವೆ. ಹಾಗಾಗಿ ಹೊರಡುವ ಜಾಗ ಮತ್ತು ಮುಗಿಸುವ ಜಾಗ ಎರಡನ್ನು ಬಿಟ್ಟು ಬೇರೆಲ್ಲ ಕಡೆ ದಾರಿಗಳ ಸಂಖ್ಯೆ ಸಮ ಇರಲೇಬೇಕು. ಕೋನಿಗ್ಸ್‌ಬರ್ಗಿನ ಒಂದು ತುಂಡಿಗೆ 5 ಸೇತುವೆ, ಉಳಿದ ಮೂರಕ್ಕೆ ತಲಾ 3. ನಾಲ್ಕೂ ಬೆಸ. ಕಥೆ ಮುಗಿಯಿತು. ಅಂಟಿಸಿದ ಲಕೋಟೆಯಲ್ಲೂ ನಾಲ್ಕೂ ಮೂಲೆಗೆ ಮೂರು ಮೂರು ಗೆರೆ. ಬಾಯಿ ತೆರೆದಾಗ ಮೇಲಿನ ಎರಡು ಮೂಲೆಗೆ ನಾಲ್ಕು ನಾಲ್ಕು ಆಗುತ್ತದೆ. ಬೆಸ ಉಳಿಯುವುದು ಕೆಳಗಿನ ಎರಡೇ. ಅದಕ್ಕೇ ಅಲ್ಲಿಂದ ಶುರು ಮಾಡಬೇಕು.

ಹೀಗೆ ಜಾಗಗಳನ್ನು ಚುಕ್ಕಿ ಮಾಡಿ, ಸಂಬಂಧಗಳನ್ನು ಗೆರೆ ಮಾಡಿ ನೋಡುವ ಗಣಿತಕ್ಕೆ ಗ್ರಾಫ್ ಸಿದ್ಧಾಂತ ಅನ್ನುತ್ತಾರೆ. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಡಿಸುತ್ತಿದ್ದೆವಲ್ಲ, ಆ ಗ್ರಾಫ್ ಬೇರೆ. ಇದರಲ್ಲಿ ಅಳತೆ ಇಲ್ಲ, ಯಾವುದು ಯಾವುದಕ್ಕೆ ಸೇರಿದೆ ಅನ್ನುವುದು ಮಾತ್ರ ಇದೆ.

ವೈರಿಂಗ್ ಚಿತ್ರವೇ ನಕ್ಷೆಯಾದದ್ದು

ಚಿಕ್ಕಮ್ಮ ಅಂದ ವೈರಿಂಗ್ ಮಾತಿಗೆ ಬರೋಣ. ಅವರ ಊಹೆ ಗುರಿಯ ಹತ್ತಿರವೇ ಬಿದ್ದಿತ್ತು.

ಲಂಡನ್ನಿನ ನೆಲದಡಿ ರೈಲಿನ ಹಳೆಯ ನಕ್ಷೆಗಳಲ್ಲಿ ರೈಲು ನಿಜವಾಗಿ ಎಲ್ಲಿ ತಿರುಗುತ್ತದೋ ಗೆರೆಯೂ ಅಲ್ಲೇ ತಿರುಗುತ್ತಿತ್ತು. ಪ್ರಾಮಾಣಿಕ ನಕ್ಷೆ, ಆದರೆ ಓದಲು ಕಷ್ಟ. ಊರ ನಡುವೆ ಸ್ಟೇಷನ್ನುಗಳು ಒತ್ತೊತ್ತಾಗಿ ಹೆಸರು ಬರೆಯಲೂ ಜಾಗ ಇರುತ್ತಿರಲಿಲ್ಲ. ಊರ ಹೊರಗೆ ಸ್ಟೇಷನ್ನುಗಳು ದೂರ ದೂರ, ಕಾಗದವೆಲ್ಲ ಖಾಲಿ.

ಹ್ಯಾರಿ ಬೆಕ್ ಆ ರೈಲಿನ ಸಿಗ್ನಲ್ ವಿಭಾಗದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಕೆಲಸ ಹೋಗಿತ್ತು. 1931ರಲ್ಲಿ ಬಿಡುವಿನ ಹೊತ್ತಿನಲ್ಲಿ ಯಾರೂ ಹೇಳದೆಯೇ ಒಂದು ಹೊಸ ನಕ್ಷೆ ಬಿಡಿಸಿದರು. ನೆಲದ ಕೆಳಗೆ ಕೂತ ಪ್ರಯಾಣಿಕನಿಗೆ ಮೇಲಿನ ಬೀದಿ ಕಾಣುವುದೇ ಇಲ್ಲ, ಹಾಗಿರುವಾಗ ಬೀದಿಯ ತಿರುವು ಯಾಕೆ ಬೇಕು? ಅವನು ಕೇಳುವುದು ಎರಡೇ ಪ್ರಶ್ನೆ. ನನ್ನ ಸ್ಟೇಷನ್ ಯಾವ ಗೆರೆಯ ಮೇಲಿದೆ? ಗೆರೆ ಎಲ್ಲಿ ಬದಲಿಸಬೇಕು?

ಹಾಗಾಗಿ ಬೆಕ್ ಎಲ್ಲ ಗೆರೆಗಳನ್ನೂ ನೆಟ್ಟಗೆ ಮಾಡಿದರು. ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಬೇರೆ ಕೋನ ಇಲ್ಲ. ಊರ ನಡುವಿನ ಭಾಗವನ್ನು ಹಿಗ್ಗಿಸಿದರು, ಹೊರವಲಯವನ್ನು ಕುಗ್ಗಿಸಿದರು. ಸ್ಟೇಷನ್ನುಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಒಂದೇ ಸಮ ಮಾಡಿದರು. ನೆಲದ ಮೇಲಿನದ್ದರಲ್ಲಿ ಉಳಿಸಿಕೊಂಡದ್ದು ಥೇಮ್ಸ್ ನದಿ ಒಂದನ್ನೇ, ಅದನ್ನೂ ಕತ್ತರಿಸಿದ ರಿಬ್ಬನ್ನಿನ ಹಾಗೆ ನೇರ ಮಾಡಿ.

ಮೇಲಿನವರು ಮೊದಲು ಒಪ್ಪಲಿಲ್ಲ. ತೀರಾ ಬೇರೆ ಥರ ಇದೆ ಅನ್ನಿಸಿತು. 1932ರಲ್ಲಿ ಪರೀಕ್ಷೆಗೆ ಅಂತ 500 ಪ್ರತಿ ಹಂಚಿದರು. ಜನ ಮುಗಿಬಿದ್ದರು. 1933ರ ಜನವರಿಯಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ನಕ್ಷೆಯ ಲಕ್ಷಗಟ್ಟಲೆ ಪ್ರತಿ ಅಚ್ಚಾಯಿತು. ಇದು ವಿದ್ಯುತ್ ಸರ್ಕ್ಯೂಟಿನ ಹಾಗಿದೆ ಅನ್ನುವ ಮಾತು ಆಗಲೂ ಇತ್ತು. ಬೆಕ್ ಅದನ್ನೇ ತಮಾಷೆ ಮಾಡಿ, ಸ್ಟೇಷನ್ನುಗಳ ಜಾಗದಲ್ಲಿ ವಿದ್ಯುತ್ ಪದಗಳನ್ನು ಹಾಕಿ ಸಿಬ್ಬಂದಿಯ ಪತ್ರಿಕೆಗೆ ಒಂದು ನಕ್ಷೆ ಬಿಡಿಸಿಕೊಟ್ಟರು. ಬೇಕರ್‌ಲೂ ಲೈನ್ ಅದರಲ್ಲಿ ‘ಬೇಕರ್‌ಲೈಟ್’ ಆಗಿತ್ತು, ಹಳೆಯ ಸ್ವಿಚ್ಚುಗಳಿಗೆ ಬಳಸುತ್ತಿದ್ದ ಬೇಕಲೈಟ್ ಪ್ಲಾಸ್ಟಿಕ್ಕಿನ ಹೆಸರಿನ ಹಾಗೆ.

ಬೆಕ್ ಅವರ ಕೊನೆಯ ದಿನಗಳು ಅಷ್ಟು ಸುಖದ್ದಲ್ಲ. 1960ರಲ್ಲಿ ನಕ್ಷೆ ಬೇರೆಯವರ ಹೆಸರಿನಲ್ಲಿ ಬಂತು. ಅದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. 1974ರಲ್ಲಿ ತೀರಿಕೊಂಡರು. ಈಗ ಲಂಡನ್ನಿನ ನಕ್ಷೆಯ ಮೂಲೆಯಲ್ಲಿ ಅವರ ಹೆಸರಿದೆ. ಜಗತ್ತಿನ ಹೆಚ್ಚಿನ ಮೆಟ್ರೊ ನಕ್ಷೆಗಳ ಅಡ್ಡ, ಉದ್ದ, ಓರೆ ಗೆರೆಗಳೂ ಅವರ ಮನೆಯಿಂದಲೇ ಹೊರಟವು.

ಬಿಟ್ಟದ್ದಕ್ಕೆ ಕೊಡುವ ಬೆಲೆ

ನೆಟ್ಟಗೆ ಮಾಡಿದ ನಕ್ಷೆ ದೂರದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕವೆಂಟ್ ಗಾರ್ಡನ್ ಸ್ಟೇಷನ್ನುಗಳ ನಡುವೆ ಸುಮಾರು ಕಾಲು ಕಿಲೋಮೀಟರ್ ಅಷ್ಟೇ. ನಡೆದರೆ ಐದು ನಿಮಿಷದೊಳಗೆ ಮುಗಿಯುತ್ತದೆ. ನಕ್ಷೆಯಲ್ಲಿ ಮಾತ್ರ ಬೇರೆ ಎರಡು ಸ್ಟೇಷನ್ನುಗಳ ನಡುವೆ ಇರುವಷ್ಟೇ ಜಾಗ. ಹೊಸಬರು ಟಿಕೆಟ್ ತೆಗೆದು, ಕೆಳಗಿಳಿದು, ರೈಲು ಹತ್ತಿ, ಮತ್ತೆ ಮೇಲೆ ಬರುತ್ತಾರೆ. ಕೊನೆಗೆ 2015ರಲ್ಲಿ ಸಾರಿಗೆಯವರೇ ಸ್ಟೇಷನ್ನುಗಳ ನಡುವೆ ನಡೆಯಲು ಎಷ್ಟು ನಿಮಿಷ ಬೇಕು ಅಂತ ತೋರಿಸುವ ಇನ್ನೊಂದು ನಕ್ಷೆ ಹೊರಡಿಸಿದರು.

2009ರಲ್ಲಿ ನಕ್ಷೆ ಇನ್ನೂ ಚೊಕ್ಕಟವಾಗಲಿ ಅಂತ ಥೇಮ್ಸ್ ನದಿಯನ್ನೂ ತೆಗೆದರು. ದೊಡ್ಡ ಗಲಾಟೆಯಾಯಿತು. ಆಗಿನ ಮೇಯರ್ ಬೋರಿಸ್ ಜಾನ್ಸನ್ ಕೂಡ ಸಿಡುಕಿದರು. ಕೆಲವೇ ತಿಂಗಳಲ್ಲಿ ನದಿ ವಾಪಸ್ ಬಂತು. ರೈಲು ಹತ್ತಲು ನದಿ ಬೇಕಿಲ್ಲ, ನಿಜ. ಆದರೆ ನಾನು ಊರಿನ ಯಾವ ದಡದಲ್ಲಿದ್ದೇನೆ ಅಂತ ತಿಳಿಯಲು ಜನ ಆ ಒಂದು ಗೆರೆಯನ್ನೇ ನೆಚ್ಚಿಕೊಂಡಿದ್ದರು.

ನ್ಯೂಯಾರ್ಕಿನಲ್ಲಿ ಪೆಟ್ಟು ಇನ್ನೂ ಜೋರಾಗಿ ಬಿತ್ತು. 1972ರಲ್ಲಿ ಮಾಸ್ಸಿಮೊ ವಿನ್ಯೆಲ್ಲಿ ಅನ್ನುವ ವಿನ್ಯಾಸಕಾರರು ಅಲ್ಲಿನ ಸಬ್‌ವೇಗೆ ಇದೇ ಥರದ ನಕ್ಷೆ ಮಾಡಿಕೊಟ್ಟರು. ನೋಡಲು ಬಹಳ ಚೆಂದ. ವಿನ್ಯಾಸ ಕಲಿಸುವವರು ಈಗಲೂ ತೋರಿಸುತ್ತಾರೆ. ಆದರೆ ಅದರಲ್ಲಿ ಉದ್ದಕ್ಕೆ ಚಾಚಿಕೊಂಡ ಸೆಂಟ್ರಲ್ ಪಾರ್ಕು ಹೆಚ್ಚು ಕಡಿಮೆ ಚೌಕವಾಗಿತ್ತು. ಅದರ ಬಣ್ಣ ಹಸಿರಲ್ಲ, ಬೂದು. ನೀರಿನ ಬಣ್ಣವೂ ನೀಲಿಯಲ್ಲ. ಬ್ರಾಡ್‌ವೇ ರಸ್ತೆಯ ಒಂದು ಸ್ಟೇಷನ್ ಎಂಟನೇ ಅವೆನ್ಯೂದ ಪೂರ್ವಕ್ಕಿರಬೇಕಾದದ್ದು ಪಶ್ಚಿಮಕ್ಕೆ ಹೋಗಿತ್ತು. ಜನ ದೂರಿದರು. 1979ರಲ್ಲಿ ನಕ್ಷೆ ಬದಲಾಯಿತು.

ಲಂಡನ್ನಿನಲ್ಲಿ ಗೆದ್ದದ್ದು ಇಲ್ಲಿ ಯಾಕೆ ಸೋತಿತು? ನನಗೆ ಅನ್ನಿಸುವುದು ಇಷ್ಟು. ಲಂಡನ್ನಿನ ಬೀದಿಗಳು ಚಿಕ್ಕಪೇಟೆಯ ಗಲ್ಲಿಗಳ ಹಾಗೆ ಸುತ್ತಿ ಬಳಸುತ್ತವೆ, ನಕ್ಷೆಯ ಸುಳ್ಳು ಯಾರಿಗೂ ಗೊತ್ತಾಗಲಿಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್ ನಮ್ಮ ಜಯನಗರದ ಹಾಗೆ. ಮೇನು, ಕ್ರಾಸು, ನಂಬರು. ಮೇಲೆ ಬಂದ ಕೂಡಲೇ ನಕ್ಷೆ ತಪ್ಪು ಅಂತ ತಿಳಿದುಬಿಡುತ್ತಿತ್ತು. ಅಂದಹಾಗೆ, 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಮತ್ತೆ ನೆಟ್ಟನೆಯ ಗೆರೆಗಳ ನಕ್ಷೆಗೇ ಮರಳಿತು. ಈಗ ಬೀದಿ ತೋರಿಸಲು ಕೈಯಲ್ಲಿ ಫೋನ್ ಇದೆಯಲ್ವಾ?

ಕಂಪ್ಯೂಟರಿಗೆ ಚಿತ್ರ ಬೇಡ, ಪಟ್ಟಿ ಸಾಕು

ಫೋನಿನ ಆ್ಯಪ್ ದಾರಿ ಹುಡುಕುವಾಗ ಬಣ್ಣದ ಗೆರೆಗಳನ್ನು ನೋಡುವುದಿಲ್ಲ. ಅದರ ಹತ್ತಿರ ಇರುವುದು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂಥ ಪಟ್ಟಿ. ಜಯನಗರದ ಪಕ್ಕ ಯಾರು? ಸೌತ್ ಎಂಡ್ ಸರ್ಕಲ್, ಆರ್.ವಿ. ರಸ್ತೆ. ಸೌತ್ ಎಂಡ್ ಪಕ್ಕ ಯಾರು? ಲಾಲ್‌ಬಾಗ್, ಜಯನಗರ. ಪ್ರತಿ ಜೋಡಿಯ ಮುಂದೆ ಎಷ್ಟು ನಿಮಿಷ ಅಂತ ಒಂದು ಅಂಕಿ. ಅಷ್ಟೇ.

ಈ ಪಟ್ಟಿಯಿಂದ ಹತ್ತಿರದ ದಾರಿ ಹುಡುಕುವ ಹೆಸರಾಂತ ವಿಧಾನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅನ್ನುವ ಡಚ್ ಕಂಪ್ಯೂಟರ್ ವಿಜ್ಞಾನಿಯದು. 1956ರಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಕೆಫೆಯಲ್ಲಿ ಕಾಫಿ ಕುಡಿಯುತ್ತಾ, ಪೆನ್ನು ಕಾಗದ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ಹೊಸ ಕಂಪ್ಯೂಟರನ್ನು ಜನರ ಮುಂದೆ ತೋರಿಸಲು ನೆದರ್‌ಲ್ಯಾಂಡ್ಸಿನ 64 ಊರುಗಳ ರಸ್ತೆ ಪಟ್ಟಿ ಮಾಡಿಕೊಂಡರು. 64 ಯಾಕೆ? ಸೊನ್ನೆ, ಒಂದುಗಳ ಆರು ಮನೆಯಲ್ಲಿ ಅಷ್ಟು ಊರಿನ ನಂಬರು ಹಿಡಿಸುತ್ತಿತ್ತು. ಯಂತ್ರದ ಜೇಬು ಅಷ್ಟು ಚಿಕ್ಕದು.

ವಿಧಾನ ಅರ್ಥವಾಗಬೇಕಾದರೆ ಗದ್ದೆಗೆ ನೀರು ಬಿಟ್ಟದ್ದನ್ನು ನೆನೆಸಿಕೊಳ್ಳಿ. ಎಲ್ಲ ಕಾಲುವೆಯಲ್ಲೂ ನೀರು ಒಂದೇ ವೇಗದಲ್ಲಿ ಓಡುತ್ತದೆ ಅಂದುಕೊಳ್ಳಿ. ಕಾಲುವೆ ಕವಲೊಡೆದಲ್ಲಿ ನೀರು ಎರಡೂ ಕಡೆ ಹರಿಯುತ್ತದೆ. ಒಂದು ಮೂಲೆಗೆ ಮೊದಲು ಯಾವ ಕಡೆಯಿಂದ ನೀರು ತಲುಪಿತೋ ಅದೇ ಆ ಮೂಲೆಗೆ ಹತ್ತಿರದ ದಾರಿ. ಆಮೇಲೆ ಬೇರೆ ಕಡೆಯಿಂದ ಬಂದ ನೀರನ್ನು ಲೆಕ್ಕಕ್ಕೆ ಇಡಬೇಕಿಲ್ಲ. ಡೈಕ್‌ಸ್ಟ್ರಾ ವಿಧಾನ ಪಟ್ಟಿಯ ಮೇಲೆ ಇದೇ ಥರ ನೀರು ಬಿಡುತ್ತದೆ.

ಇಂದಿರಾನಗರದಿಂದ ಜಯನಗರಕ್ಕೆ ಮಾಡಿ ನೋಡೋಣ. ಇಂದಿರಾನಗರದಿಂದ ಮೆಜೆಸ್ಟಿಕ್‌ಗೆ ನೇರಳೆಯಲ್ಲಿ 7 ನಿಲ್ದಾಣ ಮುಂದೆ ಹೋಗಬೇಕು. ಅಲ್ಲಿಂದ ಹಸಿರಿನಲ್ಲಿ 6. ಒಟ್ಟು 13. ಲೆಕ್ಕಕ್ಕೆ ಸುಮ್ನೆ ಒಂದೊಂದಕ್ಕೆ 2 ನಿಮಿಷ ಅಂದುಕೊಂಡರೆ 26 ನಿಮಿಷ. ಆದರೆ ಇಲ್ಲೊಂದು ಕೊಂಡಿ ತಪ್ಪಿದೆ. ಗೋಡೆಯ ನಕ್ಷೆಯಲ್ಲಿ ಮೆಜೆಸ್ಟಿಕ್ ಒಂದು ಚುಕ್ಕಿ. ಕಾಲಿಗೆ ಮಾತ್ರ ಅದು ಎಸ್ಕಲೇಟರ್, ಉದ್ದದ ದಾರಿ, ಎದುರಿನಿಂದ ನುಗ್ಗುವ ಜನ, ಇನ್ನೊಂದು ಎಸ್ಕಲೇಟರ್. ಒಂದು ಮಾರ್ಗದ ಪ್ಲಾಟ್‌ಫಾರಂ ಮೇಲೆ, ಇನ್ನೊಂದರದ್ದು ಅದರ ಕೆಳಗೆ. ಮಂಡಿನೋವು ಇರುವವರಿಗೆ ಆ ಚುಕ್ಕಿ ಎಷ್ಟು ದೊಡ್ಡದು ಅಂತ ಚೆನ್ನಾಗಿ ಗೊತ್ತು.

ಪಟ್ಟಿಯಲ್ಲಿ ಇದಕ್ಕೆ ಒಂದು ಸರಳ ಉಪಾಯ ಇದೆ. ಮೆಜೆಸ್ಟಿಕ್ ಅನ್ನು ಎರಡು ಚುಕ್ಕಿ ಮಾಡುವುದು: ನೇರಳೆ ಮೆಜೆಸ್ಟಿಕ್, ಹಸಿರು ಮೆಜೆಸ್ಟಿಕ್. ಅವುಗಳ ನಡುವೆ ಒಂದು ಗೆರೆ, ಅದಕ್ಕೆ 6 ನಿಮಿಷ ಅಂತ ಇಟ್ಟುಕೊಳ್ಳೋಣ. ಈಗ ಒಟ್ಟು 32. ರೈಲಿಗೆ ಕಾಯುವ ಹೊತ್ತು ಬೇಕಾದರೆ ಅದಕ್ಕೂ ಒಂದು ಗೆರೆ. ಚಿತ್ರದಲ್ಲಿ ಹೀಗೆ ಒಂದು ಸ್ಟೇಷನ್ನನ್ನು ಸೀಳಿ ತೋರಿಸಿದರೆ ಜನ ಗೊಂದಲ ಪಡುತ್ತಾರೆ. ಪಟ್ಟಿಯಲ್ಲಿ ಯಾರಿಗೂ ತೊಂದರೆ ಇಲ್ಲ. ಒಂದೇ ಮೆಟ್ರೊ, ಮನುಷ್ಯನ ಕಣ್ಣಿಗೆ ಒಂದು ರೂಪ, ಯಂತ್ರಕ್ಕೆ ಇನ್ನೊಂದು.

“15 ಚುಕ್ಕಿ, 8ರ ತನಕ”

ಮೂರನೇ ದಾರಿ ನಿಯಮ. ಇದಕ್ಕೆ ನಮ್ಮ ಮನೆಯ ಅಂಗಳದಲ್ಲೇ ಉದಾಹರಣೆ ಇದೆ.

ಹಬ್ಬದ ಹಿಂದಿನ ದಿನ ಚಿಕ್ಕಮ್ಮ ನಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳುವುದು ಕೇಳಿದ್ದೇನೆ: “15 ಚುಕ್ಕಿ, 8ರ ತನಕ, ಸಂದು ಚುಕ್ಕಿ.” ಅಷ್ಟೇ. ಆ ಕಡೆ ಅಕ್ಕನಿಗೆ ಎಲ್ಲ ಅರ್ಥವಾಗುತ್ತದೆ. ನಡುವಿನ ಸಾಲಿನಲ್ಲಿ 15 ಚುಕ್ಕಿ. ಅದರ ಮೇಲಿನ ಸಾಲಿನ ಚುಕ್ಕಿಗಳು ಕೆಳಗಿನ ಎರಡು ಚುಕ್ಕಿಗಳ ಸಂದಿಗೆ ಬರಬೇಕು, ಹಾಗಾಗಿ 14. ಆಮೇಲೆ 13, 12, ಹೀಗೆ 8ಕ್ಕೆ ನಿಲ್ಲಿಸುವುದು. ಕೆಳಗೂ ಹಾಗೇ. ಕೂಡಿಸಿ ನೋಡಿ: ನಡುವೆ 15, ಒಂದೊಂದು ಬದಿಗೆ 77. ಒಟ್ಟು 169 ಚುಕ್ಕಿ, ಆರು ಮೂಲೆಯ ಆಕಾರ. ಫೋನಿನಲ್ಲಿ ಹೋದದ್ದು ಬೆರಳೆಣಿಕೆಯ ಪದ, ನೆಲದ ಮೇಲೆ ಬಿದ್ದದ್ದು 169 ಚುಕ್ಕಿ.

ಚಿತ್ರ ಕಳಿಸಿದ್ದರೆ ಒಂದೊಂದು ಚುಕ್ಕಿಯೂ ಎಲ್ಲಿದೆ ಅಂತ ಕಳಿಸಬೇಕಿತ್ತು. ನಿಯಮ ಕಳಿಸಿದರೆ ಮಾಡುವ ಬಗೆ ಗೊತ್ತಿದ್ದವರು ತಾವೇ ಬೆಳೆಸಿಕೊಳ್ಳುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಇದೇ.

ಇದನ್ನು ವಿಜ್ಞಾನಿಗಳೂ ಗಮನಿಸಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ಅವರ ಜೊತೆ ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಸೇರಿ 1974ರಲ್ಲಿ ಕೋಲಂಗಳಿಗೆ, ಅಂದರೆ ತಮಿಳುನಾಡಿನ ರಂಗೋಲಿಗಳಿಗೆ, ಒಂದು ವ್ಯಾಕರಣ ಬರೆದರು. ಕನ್ನಡದಲ್ಲಿ ‘ಮನೆ’ಗೆ ‘ಅಲ್ಲಿ’ ಸೇರಿದರೆ ನಡುವೆ ‘ಯ’ ಬಂದು ‘ಮನೆಯಲ್ಲಿ’ ಆಗುತ್ತದಲ್ಲ, ಆ ಥರದ ನಿಯಮಗಳು, ಆದರೆ ಅಕ್ಷರಗಳ ಬದಲು ಚಿತ್ರದ ತುಂಡುಗಳಿಗೆ. ಕೆಲವೇ ನಿಯಮ ಹಾಕಿ ಒಂದು ಬಗೆಯ ಕೋಲಂಗಳನ್ನೆಲ್ಲ, ಚಿಕ್ಕದರಿಂದ ಎಷ್ಟು ದೊಡ್ಡದರವರೆಗೂ, ಹುಟ್ಟಿಸಬಹುದು. ಕಂಪ್ಯೂಟರ್ ವಿಜ್ಞಾನದಲ್ಲಿ ಚಿತ್ರಗಳ ವ್ಯಾಕರಣ ಅನ್ನುವ ವಿಷಯಕ್ಕೆ ಕೋಲಂ ಹೀಗೆ ಒಳ್ಳೆಯ ಮೇವು ಕೊಟ್ಟಿತು.

ಚುಕ್ಕಿಗಳನ್ನು ಬಳಸಿಕೊಂಡು ಹೋಗುವ ಎಳೆ ರಂಗೋಲಿಯಲ್ಲಿ ಆಯ್ಲರ್ ಕೂಡ ಇಣುಕುತ್ತಾರೆ. ಅಲ್ಲಿ ಎಳೆಗಳು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ನಾಲ್ಕು ಗೆರೆ ಕೂಡುತ್ತವೆ. ನಾಲ್ಕು ಸಮ. ಹಾಗಾಗಿ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಸೇರಿರುವ ಎಳೆ ರಂಗೋಲಿಯನ್ನು ಕೈ ಎತ್ತದೆ ಮುಗಿಸುವ ದಾರಿ ಇದ್ದೇ ಇರುತ್ತದೆ.

ಕಲಾವಿದರ ಕೈಯಲ್ಲಿ

ಗೆರೆಗಳು ರೈಲಿಗೆ ಮಾತ್ರ ಅಲ್ಲ. ಮಾರ್ಕ್ ಲೊಂಬಾರ್ಡಿ ಅನ್ನುವ ಅಮೆರಿಕದ ಕಲಾವಿದರು 1990ರ ದಶಕದಲ್ಲಿ ಹಣಕಾಸು ಹಗರಣಗಳನ್ನು ಚಿತ್ರ ಮಾಡುತ್ತಿದ್ದರು. ಪತ್ರಿಕೆ, ಪುಸ್ತಕಗಳಲ್ಲಿ ಬಂದ ಸುದ್ದಿಯನ್ನೇ ಓದಿ ಸುಮಾರು 14 ಸಾವಿರ ಚೀಟಿಗಳಲ್ಲಿ ಬರೆದಿಟ್ಟುಕೊಂಡಿದ್ದರು. ಆಮೇಲೆ ದೊಡ್ಡ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಒಬ್ಬೊಬ್ಬ ವ್ಯಕ್ತಿ, ಒಂದೊಂದು ಬ್ಯಾಂಕಿಗೆ ಒಂದು ವೃತ್ತ, ಹಣ ಹೋದ ದಾರಿಗೆ ಕಮಾನಿನಂಥ ಗೆರೆ. ದೂರದಿಂದ ನೋಡಿದರೆ ನಕ್ಷತ್ರ ಲೋಕದ ಹಾಗೆ ಇರುತ್ತದೆ. ಹತ್ತಿರ ಹೋದರೆ ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವ ವಿವರ.

ಅವರ ಒಂದು ದೊಡ್ಡ ಚಿತ್ರ 1991ರಲ್ಲಿ ಮುಚ್ಚಿಹೋದ ಬಿಸಿಸಿಐ ಅನ್ನುವ ಬ್ಯಾಂಕಿನ ಬಗ್ಗೆ. ನಮ್ಮ ಕ್ರಿಕೆಟ್ ಮಂಡಳಿ ಅಲ್ಲ, ಗಾಬರಿ ಬೇಡ! ಲೊಂಬಾರ್ಡಿ 2000ದಲ್ಲಿ ತೀರಿಕೊಂಡರು. ಮರುವರ್ಷ ಸೆಪ್ಟೆಂಬರ್ 11ರ ದಾಳಿ ನಡೆದ ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿಗೆ ಎಫ್‌ಬಿಐ ಅಧಿಕಾರಿಯೊಬ್ಬರ ಫೋನ್ ಬಂತು. ಆ ಚಿತ್ರ ನೋಡಬೇಕು ಅಂತ. ಅದರಲ್ಲಿದ್ದ ಬಿಡಿ ಸುದ್ದಿ ಒಂದೂ ಗುಟ್ಟಿನದ್ದಲ್ಲ. ಎಲ್ಲ ಅಚ್ಚಾಗಿದ್ದವೇ. ಒಂದೇ ಹಾಳೆಯ ಮೇಲೆ ಬಂದಾಗ ಮಾತ್ರ ಸಂಬಂಧ ಕಂಡಿತು.

ಬ್ರಿಟನ್ನಿನ ಸೈಮನ್ ಪ್ಯಾಟರ್ಸನ್ ಇದರ ಉಲ್ಟಾ ಮಾಡಿದರು. 1992ರಲ್ಲಿ ಲಂಡನ್ ಮೆಟ್ರೊ ನಕ್ಷೆಯನ್ನು ಹಾಗೇ ಇಟ್ಟು ಸ್ಟೇಷನ್ನುಗಳ ಹೆಸರಿನ ಜಾಗದಲ್ಲಿ ತತ್ವಜ್ಞಾನಿಗಳು, ಫುಟ್‌ಬಾಲ್ ಆಟಗಾರರು, ಸಿನಿಮಾ ನಟರ ಹೆಸರು ಹಾಕಿದರು. ನೋಡಿದವರು ಎರಡು ಗೆರೆ ಸೇರುವಲ್ಲಿ ನಿಂತು, ಈ ಇಬ್ಬರಿಗೂ ಏನು ಸಂಬಂಧ ಅಂತ ತಲೆ ಕೆರೆದುಕೊಳ್ಳುತ್ತಾರೆ. ಸಂಬಂಧ ಏನೂ ಇರಬೇಕಿಲ್ಲ. ನಕ್ಷೆಯ ರೂಪ ಕಂಡರೆ ಸಾಕು, ನಾವು ನಂಬಿಬಿಡುತ್ತೇವೆ. ವಾಟ್ಸಾಪ್‌ನಲ್ಲಿ ಬಾಣದ ಗುರುತು ಹಾಕಿ ಬರುವ ಚಿತ್ರಗಳನ್ನು ನೋಡುವಾಗ ನನಗೆ ಈ ನಕ್ಷೆ ನೆನಪಾಗುತ್ತದೆ.

ನಕ್ಷೆಯಿಂದ ಕಟ್ಟುವ ಕೆಲಸಕ್ಕೆ

ಇರುವುದನ್ನು ತೋರಿಸುವುದು ಒಂದು ಕೆಲಸ. ಮುಂದೆ ಏನು ಕಟ್ಟಬೇಕು ಅಂತ ಯೋಚಿಸುವುದು ಇನ್ನೊಂದು. ಅದಕ್ಕೂ ಇದೇ ಚುಕ್ಕಿ ಗೆರೆ ಬೇಕು.

ಹಳದಿ ಮಾರ್ಗ ಸೇರಿದಾಗಿನ ಬೆಂಗಳೂರು ಮೆಟ್ರೊ ನೋಡಿ. ನೇರಳೆ, ಹಸಿರು ಸೇರುವುದು ಮೆಜೆಸ್ಟಿಕ್ ಒಂದರಲ್ಲೇ. ಹಸಿರು, ಹಳದಿ ಸೇರುವುದು ಆರ್.ವಿ. ರಸ್ತೆ ಒಂದರಲ್ಲೇ. ಎಲ್ಲೂ ಸುತ್ತು ಇಲ್ಲ. ಗಣಿತದವರು ಇಂಥ ಜಾಲವನ್ನು ‘ಮರ’ ಅನ್ನುತ್ತಾರೆ. ಮರದ ಒಂದು ಎಲೆಯಿಂದ ಇನ್ನೊಂದಕ್ಕೆ ಇರುವೆ ಹೋಗಬೇಕಾದರೆ ದಾರಿ ಒಂದೇ, ಅಲ್ವಾ? ಇಲ್ಲೂ ಯಾವ ಎರಡು ಸ್ಟೇಷನ್ ಹಿಡಿದರೂ ದಾರಿ ಒಂದೇ. ಆಟೊದವನು ಇಂದಿರಾನಗರದಿಂದ ಜಯನಗರಕ್ಕೆ ಊರನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತಾನೆ. ಮೆಟ್ರೊ ಮೊದಲು ಪಶ್ಚಿಮಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಮೆಜೆಸ್ಟಿಕ್‌ನಲ್ಲಿ ಏನಾದರೂ ಕೆಟ್ಟು ನಿಂತರೆ ಬದಲಿ ದಾರಿ ಇಲ್ಲ.

ಇದನ್ನೇ ಬೇರೆ ಸಂದರ್ಭದಲ್ಲಿ ಲೆಕ್ಕ ಹಾಕಿದವರು ಪಾಲ್ ಬ್ಯಾರನ್. 1960ರ ದಶಕದ ಶುರುವಿನಲ್ಲಿ, ಅಣುಬಾಂಬ್ ಬಿದ್ದರೂ ಉಳಿಯುವ ಸಂದೇಶ ಜಾಲ ಹೇಗಿರಬೇಕು ಅಂತ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಅವರು ಯೋಚಿಸುತ್ತಿದ್ದರು. 1964ರಲ್ಲಿ ಅವರು ಪಕ್ಕಪಕ್ಕದಲ್ಲಿ ಇಟ್ಟ ಮೂರು ಚಿತ್ರ ಈಗಲೂ ಹೆಸರುವಾಸಿ. ಮೊದಲನೆಯದರಲ್ಲಿ ಎಲ್ಲ ಗೆರೆಯೂ ಒಂದೇ ನಡುಚುಕ್ಕಿಗೆ. ಎರಡನೆಯದರಲ್ಲಿ ಕೆಲವು ನಡುಚುಕ್ಕಿಗಳು. ಮೂರನೆಯದು ಮೀನಿನ ಬಲೆಯ ಹಾಗೆ. ಎಲ್ಲ ಚುಕ್ಕಿಗಳನ್ನೂ ಹೇಗೋ ಸೇರಿಸಲು ಬೇಕಾದ ಕನಿಷ್ಠ ಗೆರೆಗಳ ಸುಮಾರು ಮೂರು ಪಟ್ಟು ಗೆರೆ ಹಾಕಿದರೆ ಜಾಲ ಬಹಳ ಗಟ್ಟಿಯಾಗುತ್ತದೆ ಅಂತ ಅವರು ಕಂಡರು. ಇಂಟರ್ನೆಟ್ಟಿನ ಬೇರಿನಲ್ಲಿ ಇರುವ ಯೋಚನೆಗಳಲ್ಲಿ ಇದೂ ಒಂದು.

‘ಮರ’ ಅಂದರೆ ಆ ಕನಿಷ್ಠವೇ. ಚುಕ್ಕಿಗಳಿಗಿಂತ ಗೆರೆ ಒಂದೇ ಕಡಿಮೆ. ಮೆಟ್ರೊಗೆ ಮೂರು ಪಟ್ಟು ಗೆರೆ ಹಾಕಲು ಯಾವ ಸರ್ಕಾರದ ಹತ್ತಿರವೂ ದುಡ್ಡಿಲ್ಲ. ಸುರಂಗ ಕೊರೆಯುವುದು ಕೇಬಲ್ ಎಳೆದಷ್ಟು ಸುಲಭ ಅಲ್ಲ. ಆದರೆ ಒಂದೆರಡು ಗೆರೆ ಸರಿಯಾದ ಜಾಗದಲ್ಲಿ ಬಿದ್ದರೂ ವ್ಯತ್ಯಾಸ ದೊಡ್ಡದು. ಗುಲಾಬಿ ಮಾರ್ಗ ಜಯದೇವದಲ್ಲಿ ಹಳದಿಯನ್ನೂ ಎಂ.ಜಿ. ರಸ್ತೆಯಲ್ಲಿ ನೇರಳೆಯನ್ನೂ ಸೇರುವಂತೆ ಯೋಜನೆ ಆಗಿದೆ. ಬೆರಳಿಟ್ಟು ಎಳೆದು ನೋಡಿ: ಮೆಜೆಸ್ಟಿಕ್, ಎಂ.ಜಿ. ರಸ್ತೆ, ಜಯದೇವ, ಆರ್.ವಿ. ರಸ್ತೆ, ಮತ್ತೆ ಮೆಜೆಸ್ಟಿಕ್. ಬಾಯಿ ಮುಚ್ಚಿದ ಸುತ್ತು. ಆಗ ಇಂದಿರಾನಗರದವರು ಮೆಜೆಸ್ಟಿಕ್ ಮುಟ್ಟದೆಯೂ ಜಯನಗರಕ್ಕೆ ಹೋಗಬಹುದು. ದಾರಿ ಎರಡಾದ ಮೇಲೆ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆ ಬರುತ್ತದೆ. ಆಗ ನಕ್ಷೆಯಲ್ಲಿ ಯಾವ ಗೆರೆ ಎಷ್ಟು ಉದ್ದ ಕಾಣುತ್ತದೆ, ಯಾವ ಚುಕ್ಕಿ ಎಷ್ಟು ಪುಟ್ಟದಾಗಿ ಕಾಣುತ್ತದೆ ಅನ್ನುವುದು ಜನ ಯಾವ ಕಡೆ ನುಗ್ಗುತ್ತಾರೆ ಅನ್ನುವುದನ್ನೂ ಬದಲಿಸುತ್ತದೆ.

ಚಿಕ್ಕಮ್ಮನ ಚೀಟಿ

ಅವತ್ತು ಚಿಕ್ಕಮ್ಮ ಜಯನಗರದ ಗೆಳತಿಯ ಮನೆಗೆ ಹೊರಟಿದ್ದರು. ನಾನು ನಕ್ಷೆ ವಿವರಿಸಲು ಹೋದೆ. ಅವರು ತಡೆದು, ಬ್ಯಾಗಿನಿಂದ ಹಳೆಯ ಮದುವೆ ಕರೆಯೋಲೆಯ ಲಕೋಟೆ ತೆಗೆದು, ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಂಡರು. ಮೆಜೆಸ್ಟಿಕ್‌ನಲ್ಲಿ ಇಳಿ. ಹಸಿರು ಬೋರ್ಡ್ ನೋಡಿ ಹೋಗು. ಸಿಲ್ಕ್ ಇನ್‌ಸ್ಟಿಟ್ಯೂಟ್ ಅಂತ ಬರೆದ ರೈಲು. ಆರನೇ ಸ್ಟೇಷನ್.

ಹೋಗಿ ತಲುಪಿದರು. ಸಂಜೆ ಆರು ಗಂಟೆಗೆ ನನಗೆ ಫೋನ್ ಬಂತು. ಹಿಂದೆ ರೈಲಿನ ಸದ್ದು.

“ಲೋ, ಚೀಟಿಯಲ್ಲಿ ವಾಪಸ್ ಬರೋದು ಬರ್ಕೊಂಡಿಲ್ಲ. ಈಗ ಯಾವ ಕಡೆ ರೈಲು ಹತ್ತಲಿ?”